ಸುರಪುರದ ಟೇಲರ್ ಸಾಹೇಬ: ಕಾದಂಬರಿಕಾರ ಮೆಡೋಸ್ ಟೇಲರನ ಬದುಕು ಮತ್ತು ಬರಹ

ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾದಂಬರಿಕಾರರೆಂದೊಡನೆ ನಮಗೆ ನೆನಪಾಗುವವರು ಡಿಕನ್ಸ್, ಥ್ಯಾಕರೆ, ಜಾರ್ಜ್ ಎಲಿಯಟ್, ಬ್ರಾಂಟೆ ಸೋದರಿಯರು, ಹಾರ್ಡಿ. ಫಿಲಿಪ್ ಮೆಡೋಸ್ ಟೇಲರನ ಹೆಸರನ್ನು ಈ ಸಾಲಿಗೆ ಸೇರಿಸುವವರು ಇಂದು ಬಹಳ ವಿರಳ. ನಾನು ನೆಲೆಸಿರುವ ಇಂಗ್ಲೆಂಡಿನ ಪುಸ್ತಕದಂಗಡಿಗಳಲ್ಲಿ ಅವನದೊಂದು ಕಾದಂಬರಿ ಅಪರೂಪಕ್ಕೆ ಕಾಣಸಿಗುತ್ತದೆ; ಉಳಿದವು ಗ್ರಂಥಾಲಯಗಳ ಉಗ್ರಾಣ ಸೇರಿವೆ. ಒಂದು ಕಾಲಕ್ಕೆ ಇವನ ಪುಸ್ತಕದ ಅಚ್ಚಿನ ಹಾಳೆಗಳನ್ನು, ಅವು ಗ್ರಂಥವಾಗುವ ತನಕ ಕಾಯಲಾರದೆ, ಸ್ವತಃ ವಿಕ್ಟೋರಿಯಾ ರಾಣಿ ತರಿಸಿಕೊಂಡು ಓದಿದ್ದಳೆಂಬ ಸಂಗತಿ ಇಲ್ಲಿಯವರಿಗೂ ಮರೆತುಹೋಗಿದೆ.

ಕನ್ನಡಿಗರಿಗೆ ಅವನು ಮುಖ್ಯನಾಗುವುದು ಇನ್ನೊಂದು ಕಾರಣಕ್ಕೆ. ಈತ ತನ್ನ ಬದುಕಿನ ಅತ್ಯಂತ ಫಲವತ್ತಾದ ವರ್ಷಗಳನ್ನು ಕಳೆದದ್ದು ಕೃಷ್ಣೆ ಮತ್ತು ಭೀಮೆಯರ ನಡುವಣ ಸುರಪುರ ಸಂಸ್ಥಾನದಲ್ಲಿ. 1858ರಲ್ಲಿ ಕಂಪನಿಯ ವಿರುದ್ಧ ಕತ್ತಿ ಹಿರಿದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲೇ ಮಡಿದ ಸುರಪುರದ ಅರಸು ರಾಜಾ ವೆಂಕಟಪ್ಪನಾಯಕನನ್ನು ಬಾಲ್ಯದಿಂದ ಬೆಳೆಸಿದವನು ಇವನೇ. ಆ ಹುಡುಗ ಇವನನ್ನು ಕರೆಯುತ್ತಿದ್ದುದು ಅಪ್ಪಾ ಎಂದು. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ವೆಂಕಟಪ್ಪನಾಯಕನ ಬಂಡಾಯಕ್ಕೆ ಒಂದೆರಡು ಪುಟಗಳು ಮೀಸಲಿರುತ್ತವೆ. ಇಂಗ್ಲಿಷ್ ಸಾಹಿತ್ಯ ಚರಿತ್ರೆಗಳಲ್ಲಿ ಟೇಲರನಿಗೆ ಒಂದೆರಡು ಸಾಲು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಈ ಮನುಷ್ಯನ ಬದುಕು ಪೂರ್ಣವಾಗಿ ಕಾಣುವುದೆಂದು ನನ್ನ ಎಣಿಕೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲ್ ನಗರದಲ್ಲಿ. ತಂದೆ ವ್ಯಾಪಾರಿ. ತಾಯಿ ನಾರ್ಥಂಬರ್‌ಲ್ಯಾಂಡಿನ ಪ್ರಾಚೀನ ಮಿಟ್‌ಫರ್ಡ್ ಮನೆತನದವಳು. ತಂದೆಯ ವ್ಯಾಪಾರ ಕುಸಿದುದರಿಂದ ಹುಡುಗನಿಗೆ ನೆಟ್ಟನೆಯ ಶಿಕ್ಷಣ ದೊರೆಯಲಿಲ್ಲ. ಎಳೆಯ ವಯಸ್ಸಿನಲ್ಲೇ ಲಿವರ್‌ಪೂಲಿನ ಒಂದು ವ್ಯಾಪಾರೀ ಕೋಠಿಯಲ್ಲಿ ಗುಮಾಸ್ತಿಕೆಗೆ ಸೇರಿದ. ಅಷ್ಟರಲ್ಲಿ ಮುಂಬಯಿಯ ಬ್ಯಾಕ್ಸ್‌ಟರ್ ಎಂಬ ವರ್ತಕನೊಬ್ಬನ ಕಡೆಯಿಂದ ಆಹ್ವಾನ ಬಂತು: ಹುಡುಗ ಬಂದು ಕೆಲಸ ಕಲಿಯಲಿ, ಪ್ರಾಪ್ತವಯಸ್ಕನಾದ ಮೇಲೆ ವ್ಯಾಪಾರದಲ್ಲಿ ಪಾಲುದಾರನಾಗಲಿ. 1824ರಲ್ಲಿ, ಹದಿನಾರು ತುಂಬುವ ಮೊದಲೇ, ಹಡಗು ಹತ್ತಿದ. ಮುಂಬಯಿಗೆ ಬಂದು ನೋಡಿದರೆ ಬ್ಯಾಕ್ಸ್‌ಟರನ ವ್ಯಾಪಾರವೇ ಸಾಲದಲ್ಲಿ ಮುಳುಗಿತ್ತು. ತಾಯಿಯ ಕಡೆಯ ಬಂಧುವಾಗಿದ್ದ ನ್ಯೂನ್‌ಹ್ಯಾಮ್ ಎಂಬ ಉನ್ನತ ಅಧಿಕಾರಿ ಮುಂಬಯಿ ಸರಕಾರದಲ್ಲಿದ್ದ. ಆತನ ಶಿಫಾರಸಿನಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಒಂದು ಕೆಲಸ ದೊರೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಟೇಲರ್ ಔರಂಗಾಬಾದಿನ ದಾರಿ ಹಿಡಿದ.

ಈ ನೇಮಕದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಟೇಲರನ ಮುಂದಿನ ಬದುಕಿನ ಎಷ್ಟೋ ಸಂಗತಿಗಳಿಗೆ ಮೂಲ ಇಲ್ಲಿದೆ. ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿರಲಿಲ್ಲ, ನಿಜಾಮನ ನೌಕರನಾಗಿದ್ದ. ಆ ಸೈನ್ಯವನ್ನು ನಡೆಸುವವರು ಆಂಗ್ಲ ಅಧಿಕಾರಿಗಳೇ, ಅದರ ಮೇಲೆ ಹೈದರಾಬಾದಿನ ರೆಸಿಡೆಂಟನ ಹಿಡಿತವೇ. ಆದರೂ ಸಂಬಳ ನಿಜಾಮನದು. ಕಂಪನಿಯ ಸಿವಿಲ್ ಅಧಿಕಾರಿಗಳಿಗಿದ್ದ ಪದವಿ, ಬಡ್ತಿ, ನಿವೃತ್ತಿವೇತನ ಯಾವುದೂ ಇವನಿಗಿರಲಿಲ್ಲ. ಮುಂದೆ ಜಿಲ್ಲೆಗಳನ್ನೇ ಆಳಿದಾಗಲೂ ಕಂಪನಿಯ ಸಾಹೇಬರ ಸಾಲಿನಲ್ಲಿ ಇವನು ಸ್ವಲ್ಪ ಹೊರಗಿನವನೇ. ಈ ಹೊರಗಿನತನ ಅವನಿಗೆ ಒಂದು ದೊಡ್ಡ ಉಪಕಾರ ಮಾಡಿತೆಂದು ನಾನು ತಿಳಿದಿದ್ದೇನೆ. ಕಂಪನಿಯವರ ಕ್ಲಬ್ಬು, ಕಾಲೇಜುಗಳ ನೆರಳಿಲ್ಲದೆ, ಹದಿನಾರರ ವಯಸ್ಸಿನಿಂದಲೇ ಅವನು ದೇಶೀಯರ ನಡುವೆ ಬೆಳೆದ. ಹಿಂದೂಸ್ತಾನಿ, ಮರಾಠಿ, ಪಾರಸಿ ಭಾಷೆಗಳನ್ನು ಕಲಿತ. ಕಾನೂನು, ಭೂಮಾಪನ, ಭೂವಿಜ್ಞಾನ, ಚಿತ್ರಕಲೆ ಎಲ್ಲವೂ ಸ್ವಂತ ಓದಿನಿಂದ ಬಂದವು.

ಕೆಲವು ವರ್ಷಗಳಲ್ಲಿ ಅವನಿಗೆ ನಿಜಾಮನ ಸೀಮೆಯ ನೈರುತ್ಯ ಭಾಗದ ಪೊಲೀಸ್ ಅಧಿಕಾರ ದೊರೆಯಿತು. ಆ ಕಾಲದಲ್ಲಿ ದಾರಿಹೋಕರು ಗುಂಪುಗುಂಪಾಗಿ ಕಾಣೆಯಾಗುತ್ತಿದ್ದರು. ಕೆಲವೊಮ್ಮೆ ಹೊಲಗಳಲ್ಲಿ ಹೂತ ಹೆಣಗಳು ಸಿಗುತ್ತಿದ್ದವು. ಟೇಲರ್ ಇದರ ಬೆನ್ನು ಹತ್ತಿದ. ವಿಚಾರಣೆ ಒಂದು ಹಂತಕ್ಕೆ ಬರುವಷ್ಟರಲ್ಲಿ ಅವನನ್ನು ಮತ್ತೆ ಪಲ್ಟಣಕ್ಕೆ ಕರೆಸಿಕೊಂಡರು. ಮುಂದೆ ಮಧ್ಯಭಾರತದಲ್ಲಿ ಸ್ಲೀಮನ್ ಎಂಬ ಅಧಿಕಾರಿ ಠಕ್ಕರ ಜಾಲವನ್ನು ಬಯಲಿಗೆಳೆದು ಕೀರ್ತಿವಂತನಾದ. ಇನ್ನು ಸ್ವಲ್ಪ ಕಾಲ ತನ್ನನ್ನು ಅಲ್ಲಿಯೇ ಬಿಟ್ಟಿದ್ದರೆ ಆ ಗುಟ್ಟನ್ನು ತಾನೇ ಬಿಡಿಸುತ್ತಿದ್ದೆನೆಂಬ ಕೊರಗು ಟೇಲರನಿಗೆ ವೃದ್ಧಾಪ್ಯದವರೆಗೂ ಉಳಿಯಿತು. ಆದರೆ ಸರಕಾರಿ ಸಾಕ್ಷಿಗಳಾಗಿ ಬದಲಾದ ಠಕ್ಕರ ಹೇಳಿಕೆಗಳನ್ನು ದಾಖಲಿಸುವ ಕೆಲಸ 1830ರ ದಶಕದಲ್ಲಿ ಅವನ ಪಾಲಿಗೂ ಬಂತು. ಕೊಲೆಗಾರರು ಎದುರಿಗೆ ಕುಳಿತು, ಅಳುಕಿಲ್ಲದೆ, ಒಂದು ಬಗೆಯ ಹೆಮ್ಮೆಯಿಂದಲೇ ತಮ್ಮ ಬದುಕನ್ನು ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳಿದ ಕಿವಿಯೇ ಕಾದಂಬರಿ ಬರೆಯಿತು.

1839ರಲ್ಲಿ ಲಂಡನ್ನಿನ ಬೆಂಟ್ಲಿ ಪ್ರಕಾಶಕರು ಮೂರು ಸಂಪುಟಗಳಲ್ಲಿ ಹೊರತಂದ ಕನ್ಫೆಶನ್ಸ್ ಆಫ್ ಎ ಠಗ್ ಎಂಬ ಆ ಕೃತಿ ಒಂದೇ ಏಟಿಗೆ ಅವನನ್ನು ಪ್ರಸಿದ್ಧನನ್ನಾಗಿಸಿತು. ರಜೆಯ ಮೇಲೆ ಇಂಗ್ಲೆಂಡಿಗೆ ಬಂದಿದ್ದ ಅನಾರೋಗ್ಯಪೀಡಿತ ಸೈನಿಕ ಲಂಡನ್ನಿನ ದಿವಾನಖಾನೆಗಳ ಅತಿಥಿಯಾದ. ಠಗ್ ಎಂಬ ನಮ್ಮ ದೇಶದ ಪದ ಇಂಗ್ಲಿಷಿನ ಮನೆಮಾತಾಗುವುದಕ್ಕೆ ಈ ಕಾದಂಬರಿಯೇ ಬಹುಮಟ್ಟಿಗೆ ಕಾರಣ.

ಕಥೆಯ ಹಂದರ ಸರಳ. ಸೆರೆಯಲ್ಲಿರುವ ಅಮೀರ್ ಅಲಿ ಎಂಬ ಠಕ್ಕ ಒಬ್ಬ ಸಾಹೇಬನ ಮುಂದೆ ತನ್ನ ಆತ್ಮಚರಿತ್ರೆಯನ್ನು ನಿವೇದಿಸುತ್ತಾನೆ. ಅವನ ತಂದೆತಾಯಿಯರನ್ನು ಕೊಂದ ಠಕ್ಕರ ಮುಖಂಡನೇ ಅವನನ್ನು ಮಗನಂತೆ ಸಾಕಿದ್ದಾನೆ. ಸಾಕಿದ ತಂದೆಯ ಕಸುಬೇ ಮಗನ ಕಸುಬಾಗಿದೆ. ಏಳುನೂರ ಹತ್ತೊಂಬತ್ತು ಜನರ ಕೊರಳಿಗೆ ಕರವಸ್ತ್ರ ಬಿಗಿದೆನೆಂದು ಲೆಕ್ಕ ಕೊಡುವ ಈತ, ಆ ಲೆಕ್ಕದಲ್ಲಿ ತನ್ನ ಒಡಹುಟ್ಟಿದ ತಂಗಿಯೂ ಸೇರಿದ್ದಳೆಂಬುದನ್ನು ಕಟ್ಟಕಡೆಗೆ ತಿಳಿಯುತ್ತಾನೆ. ಈ ಕಾದಂಬರಿಯ ಬಲ ಅದರ ಭೀಕರತೆಯಲ್ಲಿಲ್ಲ. ಅಮೀರ್ ಅಲಿ ಮಾತುಗಾರ, ರಸಿಕ, ಸ್ನೇಹಶೀಲ, ದೈವಭಕ್ತ. ಓದುತ್ತ ಓದುತ್ತ ನಾವು ಅವನ ಜೊತೆಗಾರರಾಗಿಬಿಡುತ್ತೇವೆ, ಮುಂದಿನ ಬೇಟೆ ತಪ್ಪಿಸಿಕೊಂಡೀತೇ ಎಂಬ ಆತಂಕ ನಮ್ಮದೂ ಆಗುತ್ತದೆ. ಸಾಹೇಬ ಹೆಚ್ಚು ಕಡಿಮೆ ಮೌನವಾಗಿ ಕುಳಿತಿರುತ್ತಾನೆ. ಆಂಗ್ಲ ಸಾಹಿತ್ಯದಲ್ಲಿ ಅದುವರೆಗೆ ಯಾವ ಭಾರತೀಯನಿಗೂ ಇಷ್ಟು ದೀರ್ಘವಾಗಿ ತನ್ನ ಮಾತನ್ನು ತಾನೇ ಆಡುವ ಅವಕಾಶ ದೊರೆತಿರಲಿಲ್ಲವೆನ್ನಬಹುದು. ಅದು ಒಬ್ಬ ಕೊಲೆಗಾರನಿಗೆ ದೊರೆಯಿತೆಂಬುದು ಆ ಕಾಲದ ಲಕ್ಷಣ.

ಠಕ್ಕರ ವಿಷಯದಲ್ಲಿ ಇಂದಿನ ಇತಿಹಾಸಕಾರರು ಬಹಳ ಎಚ್ಚರದಿಂದ ಮಾತಾಡುತ್ತಾರೆ. ಭವಾನಿಯ ಹೆಸರಿನಲ್ಲಿ ಕೊಲ್ಲುವ ಅಖಿಲ ಭಾರತ ಮಟ್ಟದ ಗುಪ್ತ ಪಂಥವೊಂದಿತ್ತೆಂಬ ಕಲ್ಪನೆಯಲ್ಲಿ ಕಂಪನಿ ಸರಕಾರದ ಭಯ, ಅದರ ಅನುಕೂಲ ಎರಡೂ ಬೆರೆತಿದ್ದವು. ಜೀವ ಉಳಿಸಿಕೊಳ್ಳಲು ಸಾಕ್ಷಿ ನುಡಿದವರ ಹೇಳಿಕೆಗಳನ್ನು ಪೂರ್ತಿ ನಂಬುವಂತಿಲ್ಲ. ಟೇಲರನ ಕಾದಂಬರಿ ಆ ಕಲ್ಪನೆಗೆ ರಕ್ತಮಾಂಸ ತುಂಬಿತು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಕಾದಂಬರಿಯನ್ನು ದಾಖಲೆಯೆಂದು ಓದುವುದನ್ನು ಬಿಟ್ಟರೆ ಅದರ ಸತ್ವವೇನೂ ಕುಂದುವುದಿಲ್ಲ.

ಮರುವರ್ಷ, 1840ರಲ್ಲಿ, ಟಿಪ್ಪು ಸುಲ್ತಾನನನ್ನು ಕುರಿತ ಕಾದಂಬರಿ ಬಂತು. ಮೈಸೂರು ಯುದ್ಧಗಳ ಕಾಲದ ಕಥೆಯೆಂದು ಕನ್ನಡಿಗರು ಕುತೂಹಲದಿಂದ ತೆರೆದರೆ ನಿರಾಶೆಯೇ ಗತಿ. ಟಿಪ್ಪು ಇಲ್ಲಿ ಆಗಿನ ಇಂಗ್ಲೆಂಡಿನಲ್ಲಿ ಪ್ರಚಲಿತವಿದ್ದ ಕ್ರೂರಿಯ ಗೊಂಬೆ. ಅದನ್ನು ಮೀರಿ ನೋಡುವ ಶ್ರಮವನ್ನು ಲೇಖಕ ಪಡಲಿಲ್ಲ. ಅವನ ಕೃತಿಗಳಲ್ಲಿ ದುರ್ಬಲವಾದುದು ಇದೇ.

ಇಷ್ಟರಲ್ಲಿ ಅವನಿಗೆ ಮದುವೆಯಾಗಿತ್ತು. ಹೆಂಡತಿ ಮೇರಿ, ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳು. ಈ ಪಾಮರ್ ಒಬ್ಬ ಆಂಗ್ಲ ಸೇನಾಧಿಕಾರಿಗೂ ಫೈಜ್ ಬಕ್ಷ್ ಎಂಬ ಬೇಗಮಳಿಗೂ ಹುಟ್ಟಿದವನು. ಅಂದರೆ ಟೇಲರನ ಹೆಂಡತಿಯ ಅಜ್ಜಿ ಭಾರತದ ಮುಸಲ್ಮಾನ ಮಹಿಳೆ; ಅವನ ಹೆಣ್ಣುಮಕ್ಕಳ ಮೈಯಲ್ಲಿ ಹರಿಯುತ್ತಿದ್ದುದು ಎರಡೂ ದೇಶಗಳ ರಕ್ತ. 1844ರಲ್ಲಿ ಮೇರಿ ತೀರಿಕೊಂಡಳು. ಟೇಲರ್ ಮತ್ತೆ ಮದುವೆಯಾಗಲಿಲ್ಲ. ಮುಂದೆ ಅವನ ಕಾದಂಬರಿಗಳಲ್ಲಿ ಜಾತಿ, ಮತ, ಜನಾಂಗಗಳ ಗೋಡೆ ದಾಟಿದ ಮದುವೆಗಳು ಮತ್ತೆ ಮತ್ತೆ ಬರುವುದನ್ನು ನೋಡುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ಇನ್ನು ಸುರಪುರ. ಬೇಡ ನಾಯಕರ ಈ ಸಂಸ್ಥಾನ ಔರಂಗಜೇಬನನ್ನೇ ಎದುರಿಸಿದ ಇತಿಹಾಸವುಳ್ಳದ್ದು; 1705ರಲ್ಲಿ ವಾಗಿನಗೇರಿ ಕೋಟೆಯ ಮುತ್ತಿಗೆಗೆ ಆ ಮುದಿ ಬಾದಶಹ ಸ್ವತಃ ಬಂದು ನಿಂತಿದ್ದ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಸಂಸ್ಥಾನ ನಿಜಾಮನಿಗೆ ಕಪ್ಪ ಕೊಡಬೇಕಾಗಿ ಬಂದು, ಕೊಡಲಾರದೆ, ಸಾಲದಲ್ಲಿ ತೊಳಲುತ್ತಿತ್ತು. ಅರಸ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಪಕ್ಷ, ಚಿಕ್ಕಪ್ಪ ಪಿಡ್ಡನಾಯಕ ಇನ್ನೊಂದು ಪಕ್ಷ. ರೆಸಿಡೆಂಟನಾಗಿದ್ದ ಜನರಲ್ ಫ್ರೇಸರ್ ಈ ಕಗ್ಗಂಟನ್ನು ಬಿಡಿಸಲು ಟೇಲರನನ್ನು ಕಳಿಸಿದ. ಮೊದಲು ಪಿಡ್ಡನಾಯಕನನ್ನು ಮುಂದಿಟ್ಟುಕೊಂಡು ನಡೆದ ಆಡಳಿತ ಬಹುಬೇಗ ಟೇಲರನ ಕೈಗೇ ಬಂತು. 1853ರವರೆಗೆ ಸುರಪುರವನ್ನು ಆಳಿದವನು ಅವನೇ.

ಆ ಹತ್ತು ಚಿಲ್ಲರೆ ವರ್ಷಗಳಲ್ಲಿ ಅವನು ಮಾಡಿದ ಕೆಲಸ ಕಡಿಮೆಯದಲ್ಲ. ಕಂದಾಯವನ್ನು ಹದಕ್ಕೆ ತಂದ, ರಸ್ತೆ ಹಾಕಿಸಿದ, ಕೆರೆಗಳನ್ನು ದುರಸ್ತಿ ಮಾಡಿಸಿದ. ಇಂದು ಪಕ್ಷಿಧಾಮವೆಂದು ಹೆಸರಾಗಿರುವ ಬೋನಾಳ ಕೆರೆ ನಾಯಕರ ಕಾಲದ್ದು. ಅದನ್ನು ಸರಿಪಡಿಸಿದವರಲ್ಲಿ ಟೇಲರನ ಹೆಸರನ್ನು ಅಲ್ಲಿಯ ಜನ ಈಗಲೂ ಹೇಳುತ್ತಾರೆ. ಸುರಪುರದ ಗುಡ್ಡದ ಮೇಲೆ ತನ್ನ ವಾಸಕ್ಕೆಂದು ತಾನೇ ನಕ್ಷೆ ಹಾಕಿ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಇದರ ನಡುವೆಯೇ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಭಾರತದ ಬಾತ್ಮೀದಾರನಾಗಿ ಹನ್ನೆರಡು ಹದಿಮೂರು ವರ್ಷ ಬರೆದ. ಆ ಪತ್ರಿಕೆಯಲ್ಲಿ ಪ್ರಭಾವಶಾಲಿಯಾಗಿದ್ದ ಹೆನ್ರಿ ರೀವ್ ಇವನ ದಾಯಾದಿ ಬಂಧು.

ಸುರಪುರದ ಸುತ್ತಣ ಬಯಲಿನಲ್ಲಿ ಅವನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಅವನಿಗೆ ಕಾದಂಬರಿಕಾರನ ಕೀರ್ತಿಗಿಂತ ಬಾಳಿಕೆಯ ಕೀರ್ತಿಯನ್ನು ತಂದಿತು. ರಾಜನಕೋಳೂರಿನ ಬಳಿ ಬೃಹತ್ ಬಂಡೆಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಕಲ್ಮನೆಗಳಿದ್ದವು. ಕುಳ್ಳ ಜನಾಂಗವೊಂದು ಅವುಗಳಲ್ಲಿ ವಾಸಿಸುತ್ತಿತ್ತೆಂದು ಊರವರು ನಂಬಿದ್ದರು. ವಿಭೂತಿಹಳ್ಳಿಯ ಬಯಲಿನಲ್ಲಿ ಗುಂಡುಕಲ್ಲುಗಳ ಸಾಲುಗಳು ಗೆರೆ ಎಳೆದಂತೆ ಹಬ್ಬಿದ್ದವು. ಜೇವರ್ಗಿಯ ಬಳಿ ಕಲ್ಲುಗುಪ್ಪೆಗಳಿದ್ದವು. ಟೇಲರ್ ಅವುಗಳನ್ನು ಅಗೆಸಿದ. ಎಲುಬು, ಮಡಕೆ, ಕಬ್ಬಿಣದ ಸಾಮಾನುಗಳನ್ನು ಹೊರತೆಗೆದ. ನಿಧಿಗಾಗಿ ಅಗೆಯುವವರಂತೆ ಸಿಕ್ಕಿದ್ದನ್ನು ಕಿತ್ತುಕೊಂಡು ಹೋಗದೆ, ಯಾವ ಪದರದಲ್ಲಿ ಏನು, ಎಷ್ಟು ಆಳದಲ್ಲಿ, ಯಾವ ದಿಕ್ಕಿಗೆ ತಲೆಯಿಟ್ಟು ಮಲಗಿಸಿದ ಅಸ್ಥಿಪಂಜರ ಎಂಬುದನ್ನೆಲ್ಲ ಸೀಳುನೋಟದ ನಕ್ಷೆಗಳಲ್ಲಿ ಬರೆದಿಟ್ಟ. ನೂರು ವರ್ಷಗಳ ನಂತರ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಈ ನಕ್ಷೆಗಳನ್ನು ಕಂಡು, ತನ್ನ ಕಾಲವನ್ನು ಬಹಳ ಮೀರಿದ ಕೆಲಸವೆಂದು ಮೆಚ್ಚಿದ. ಈ ಸಮಾಧಿಗಳು ಸಿಥಿಯನ್ನರವೋ ಕೆಲ್ಟರವೋ ಆಗಿರಬೇಕೆಂಬ ಟೇಲರನ ಊಹೆ ನಿಲ್ಲಲಿಲ್ಲ. ಬ್ರಿಟನ್ನಿನ ಕಲ್ಗೋರಿಗಳನ್ನು ಹೋಲುತ್ತವೆಂದು ಅವನು ಹಿಗ್ಗಿಬಿಟ್ಟಿದ್ದ. ನಕ್ಷೆಗಳು ಮಾತ್ರ ನಿಂತವು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನದ ಮೊದಲ ಪುಟಗಳಲ್ಲಿ ಇಂದಿಗೂ ಅವನ ಹೆಸರಿದೆ.

ಆದರೆ ಸುರಪುರದ ಕಥೆಯ ತಿರುಳು ಕೆರೆಯಲ್ಲ, ಕಲ್ಲಲ್ಲ, ಆ ಹುಡುಗ. ಟೇಲರ್ ಅವನಿಗೆ ಇಂಗ್ಲಿಷ್ ಕಲಿಸಿದ, ಲೆಕ್ಕ ಕಲಿಸಿದ, ಕುದುರೆ ಸವಾರಿಯಲ್ಲಿ ಜೊತೆಗಿರಿಸಿಕೊಂಡ. ಹೆಂಡತಿಯನ್ನು ಕಳೆದುಕೊಂಡು, ಹೆಣ್ಣುಮಕ್ಕಳನ್ನು ದೂರ ಬಿಟ್ಟಿದ್ದ ಮನುಷ್ಯನಿಗೂ ತಂದೆಯಿಲ್ಲದ ಬಾಲಕನಿಗೂ ಬೆಳೆದ ಸಂಬಂಧ ಸರಕಾರಿ ಕಡತದಲ್ಲಿ ಹಿಡಿಸುವಂತಹುದಲ್ಲ. ಈ ನಂಟನ್ನು ಅಧಿಕಾರಿಯ ನಟನೆಯೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಅದು ಸಮಾನರ ನಡುವಣ ಪ್ರೀತಿಯಾಗಿರಲಿಲ್ಲವೆಂಬುದನ್ನೂ ಮರೆಯಬಾರದು: ಬಾಲಕನ ರಾಜ್ಯ, ಬೊಕ್ಕಸ, ತಾಯಿ ಎಲ್ಲರ ಮೇಲೂ ಅಧಿಕಾರ ಟೇಲರನದಾಗಿತ್ತು. ರಾಣಿ ಈಶ್ವರಮ್ಮನ ಬಗ್ಗೆ ಆತ್ಮಕಥೆಯಲ್ಲಿ ಅವನು ಬರೆದಿರುವ ಮಾತುಗಳು ಕಹಿಯಾಗಿವೆ. ಆಕೆ ತನ್ನ ಪಕ್ಷವನ್ನು ಬರೆದಿಟ್ಟು ಹೋಗಿಲ್ಲ. ಸುರಪುರದ ಈ ಅಧ್ಯಾಯಕ್ಕೆ ನಮ್ಮ ಮುಂದಿರುವ ವಿಸ್ತಾರವಾದ ಸಾಕ್ಷಿ ಒಂದೇ ಕಡೆಯದು.

ಟೇಲರನೇ ಹೇಳುವ ಒಂದು ಪ್ರಸಂಗವಿದೆ. ಖಾಯಿಲೆ ಬಿದ್ದಿದ್ದ ರಾಣಿ ಒಮ್ಮೆ ಅವನನ್ನು ಗುಟ್ಟಾಗಿ ಕರೆಸಿ ಮಗನ ಜಾತಕವನ್ನು ತೋರಿಸಿದಳಂತೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಹುಡುಗನ ಆಯುಷ್ಯ ಮುಗಿಯುವುದೆಂದು ಜೋಯಿಸರು ಬರೆದಿದ್ದರಂತೆ. ಅವನು ಅದನ್ನು ನಂಬಲಿಲ್ಲ, ಮರೆಯಲೂ ಇಲ್ಲ.

1853ರಲ್ಲಿ ವೆಂಕಟಪ್ಪನಾಯಕ ಪ್ರಾಪ್ತವಯಸ್ಕನಾದ. ಟೇಲರ್ ರಾಜ್ಯವನ್ನು ಒಪ್ಪಿಸಿ ಹೊರಟ. ಅದೇ ವರ್ಷ ನಿಜಾಮ ಸೈನ್ಯದ ಖರ್ಚಿನ ಬಾಕಿಗಾಗಿ ವರ್ಹಾಡ, ರಾಯಚೂರು ದೋಆಬ, ನಳದುರ್ಗಗಳನ್ನು ಕಂಪನಿಯ ವಶಕ್ಕೆ ಬಿಟ್ಟುಕೊಟ್ಟಿದ್ದ. ಅದರಲ್ಲಿ ನಳದುರ್ಗದ ಜಿಲ್ಲೆ ಟೇಲರನ ಪಾಲಿಗೆ ಬಂತು. ತುಳಜಾಪುರದ ಅಂಬಾಭವಾನಿಯ ಗುಡಿ ಈ ಜಿಲ್ಲೆಯಲ್ಲಿಯೇ ಇತ್ತು. ಮುಂದೆ ಅವನ ಅತ್ಯುತ್ತಮ ಕಾದಂಬರಿಯ ನಾಯಕಿ ಹುಟ್ಟಿದ್ದು ಆ ಗುಡಿಯ ನೆರಳಿನಲ್ಲಿ. 1857ರ ದಂಗೆಯ ಕಾಲಕ್ಕೆ ಅವನನ್ನು ವರ್ಹಾಡಕ್ಕೆ ಕಳಿಸಿದರು. ಸೈನ್ಯದ ಬೆಂಬಲವಿಲ್ಲದೆ, ಜನರ ಪರಿಚಯವೊಂದನ್ನೇ ನೆಚ್ಚಿ ಆ ಸೀಮೆಯನ್ನು ಶಾಂತವಾಗಿರಿಸಿದ. ಅವನು ಅಲ್ಲಿದ್ದಾಗ ಸುರಪುರ ಹೊತ್ತಿಕೊಂಡಿತು.

ಟೇಲರ್ ಹೋದ ಮೇಲಿನ ನಾಲ್ಕು ವರ್ಷಗಳಲ್ಲಿ ಸಂಸ್ಥಾನ ಮತ್ತೆ ಸಾಲಕ್ಕೆ ಬಿದ್ದಿತ್ತು. ಉತ್ತರದ ಸುದ್ದಿಗಳು ದಕ್ಷಿಣಕ್ಕೂ ಹರಿದುಬಂದಿದ್ದವು. ತರುಣ ಅರಸ ಅರಬರನ್ನೂ ರೋಹಿಲರನ್ನೂ ಕೂಡಿಸಿಕೊಂಡ. ಬೇಡರಂತೂ ಅವನ ಸ್ವಂತ ಬಲ. 1858ರ ಫೆಬ್ರವರಿಯಲ್ಲಿ ಕಂಪನಿಯ ದಂಡು ಸುರಪುರದ ಬಾಗಿಲಿಗೆ ಬಂದಾಗ ಕಾದಾಟವಾಗಿ ನ್ಯೂಬೆರಿ ಎಂಬ ಆಂಗ್ಲ ಕ್ಯಾಪ್ಟನ್ ಮಡಿದ. ಹೆಚ್ಚುವರಿ ಸೈನ್ಯ ಬಂದು ಊರು ಬೀಳುವ ಹೊತ್ತಿಗೆ ವೆಂಕಟಪ್ಪನಾಯಕ ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿದ್ದ. ಅಲ್ಲಿ ಸಾಲಾರ್ ಜಂಗ್ ಅವನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದ. ಅದೇ ವರ್ಷ ಮೇ ತಿಂಗಳ ಕೊನೆಯಲ್ಲಿ ನರಗುಂದದ ಬಾಬಾಸಾಹೇಬನೂ ಎದ್ದುನಿಂತನೆಂಬುದನ್ನು ಇಲ್ಲಿ ನೆನೆಯಬಹುದು.

ಟೇಲರನನ್ನು ಸೆರೆಯಲ್ಲಿದ್ದ ಅರಸನ ಬಳಿಗೆ ಕಳಿಸಿದರು. ಅವನಿಂದ ಸಂಚಿನ ಇತರರ ಹೆಸರು ಹೊರಡಿಸಬೇಕೆಂಬುದು ಮೇಲಿನವರ ಇಚ್ಛೆ. ಹುಡುಗ ಅಪ್ಪನನ್ನು ಕಂಡು ಅತ್ತ; ಆದರೆ ಹೆಸರುಗಳನ್ನು ಹೇಳಲಿಲ್ಲ. ತನ್ನನ್ನು ಕಳ್ಳನಂತೆ ನೇಣಿಗೇರಿಸುವುದು ಬೇಡ, ತೋಪಿನ ಬಾಯಿಗೆ ಕಟ್ಟಲಿ ಎಂದು ಕೇಳಿಕೊಂಡ. ಈ ಭೇಟಿಯನ್ನು ಬರೆಯುವಾಗ ಟೇಲರನ ಗದ್ಯ ತನ್ನ ಎಂದಿನ ಅಲಂಕಾರಗಳನ್ನೆಲ್ಲ ಕಳಚಿಬಿಡುತ್ತದೆ. ತಾನು ಯಾರ ಪರವಾಗಿ ಆ ಕೋಣೆಯೊಳಗೆ ಕಾಲಿಟ್ಟೆನೆಂಬ ಪ್ರಶ್ನೆಯನ್ನು ಮಾತ್ರ ಅವನು ಕೇಳಿಕೊಳ್ಳುವುದಿಲ್ಲ. ಓದುವ ನಮಗೆ ಆ ಪ್ರಶ್ನೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಮರಣದಂಡನೆ ವಿಧಿಸಿದ್ದರು. ಟೇಲರ್ ಬೇಡಿಕೊಂಡ. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಬಂಧನಕ್ಕೆ ತಂದ. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ದೊರೆಯುವ ಸಾಧ್ಯತೆಯೂ ಇತ್ತು. ಚೆಂಗಲ್ಪಟ್ಟಿಗೆ ಸಾಗಿಸುತ್ತಿದ್ದ ದಾರಿಯ ಬೀಡಿನಲ್ಲಿ, ಕಾವಲಿನ ಅಧಿಕಾರಿ ತೆಗೆದಿರಿಸಿದ್ದ ಪಿಸ್ತೂಲಿನಿಂದ ವೆಂಕಟಪ್ಪನಾಯಕ ಗುಂಡು ಹಾರಿಸಿಕೊಂಡು ಸತ್ತನೆಂದು ಸರಕಾರದ ದಾಖಲೆ ಹೇಳುತ್ತದೆ. ಟೇಲರನೂ ಅದನ್ನೇ ಬರೆಯುತ್ತಾನೆ. ಪಿಸ್ತೂಲು ಕೈತಪ್ಪಿ ಹಾರಿತೋ, ಬೇಕೆಂದೇ ಹಾರಿಸಿಕೊಂಡನೋ, ಬೇರೆಯವರು ಹಾರಿಸಿದರೋ ಎಂಬ ಸಂಶಯ ನಮ್ಮ ಕಡೆ ಇಂದಿಗೂ ಇದೆ. ಸಾಕ್ಷಿ ಒಂದೇ ಪಕ್ಷದ್ದಾಗಿರುವಲ್ಲಿ ಸಂಶಯ ಉಳಿಯುವುದು ಸಹಜ. ಅವನಿಗಾಗ ವಯಸ್ಸು ಇಪ್ಪತ್ತನಾಲ್ಕು. ಹಳೆಯ ಜಾತಕದ ವಿಷಯವನ್ನು ಸುರಪುರದಲ್ಲಿ ತನಗೆ ಮತ್ತೆ ನೆನಪಿಸಿದರೆಂದು ಟೇಲರ್ ಬರೆದಿದ್ದಾನೆ.

ಆ ಬಳಿಕ ಅವನನ್ನೇ ಸುರಪುರದ ಆಡಳಿತಕ್ಕೆ ಮತ್ತೆ ಕಳಿಸಿದರು. ಅರಸನಿಲ್ಲದ ಊರಿನಲ್ಲಿ, ತಾನೇ ಕಟ್ಟಿಸಿದ ಬಂಗಲೆಯಲ್ಲಿ ಎರಡು ವರ್ಷ ಕಳೆದ. 1860ರಲ್ಲಿ ಬ್ರಿಟಿಷ್ ಸರಕಾರ ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟಿತು. ನಾಯಕರ ಸಂಸ್ಥಾನ ಅಲ್ಲಿಗೆ ಮುಗಿಯಿತು. ದೇಹ ಮನಸ್ಸುಗಳೆರಡೂ ಸೋತಿದ್ದ ಟೇಲರ್ ಅದೇ ವರ್ಷ ಭಾರತವನ್ನು ಬಿಟ್ಟ.

ಉಳಿದ ಬದುಕು ಐರ್ಲೆಂಡಿನಲ್ಲಿ, ಡಬ್ಲಿನ್ನಿನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ. ಬಳಲಿಕೆಯಿಂದ ಆರಂಭದಲ್ಲಿ ನೆನಪೇ ಕೈಕೊಡುತ್ತಿತ್ತು. ಚೇತರಿಸಿಕೊಂಡಂತೆ ಇಪ್ಪತ್ತು ವರ್ಷಗಳಿಂದ ನಿಂತುಹೋಗಿದ್ದ ಕಾದಂಬರಿ ರಚನೆ ಮತ್ತೆ ಮೊದಲಾಯಿತು. 1863ರಲ್ಲಿ ತಾರಾ, 1865ರಲ್ಲಿ ರಾಲ್ಫ್ ಡಾರ್ನೆಲ್, 1872ರಲ್ಲಿ ಸೀತಾ. ಮೂರರ ಹಿಂದೆ ಒಂದು ಯೋಜನೆಯಿದೆ: 1657, 1757, 1857, ನೂರು ನೂರು ವರ್ಷಗಳ ಅಂತರದ ಮೂರು ಘಟ್ಟಗಳು. ಮರಾಠರ ಉದಯ, ಪ್ಲಾಸಿ ಕದನ, ಸಿಪಾಯಿ ದಂಗೆ.

ಇವುಗಳಲ್ಲಿ ಒಂದನ್ನೇ ಓದುವಷ್ಟು ಬಿಡುವಿದ್ದವರಿಗೆ ನಾನು ತಾರಾ ಕಾದಂಬರಿಯನ್ನು ಹೇಳುತ್ತೇನೆ. ತುಳಜಾಪುರದ ಶಾಸ್ತ್ರಿಯೊಬ್ಬರ ಮಗಳು ತಾರಾ ಬಾಲವಿಧವೆ; ದೇವಿಗೆ ಸಮರ್ಪಿತಳಾದವಳು; ಸಂಸ್ಕೃತ ಬಲ್ಲವಳು. ಬಿಜಾಪುರದ ಆದಿಲಶಾಹಿ, ಶಿವಾಜಿ, ಅಫಜಲಖಾನ ಇವರೆಲ್ಲರ ನಡುವೆ ಆಕೆಯ ಬದುಕು ಹಾದು, ಕೊನೆಗೆ ಅಫಜಲಖಾನನ ಮಗನೊಂದಿಗೆ ಸೇರುತ್ತದೆ. ಬಿಜಾಪುರದ ಬೀದಿಗಳನ್ನು, ಅರಮನೆಗಳನ್ನು ಕಣ್ಣಾರೆ ಕಂಡು ಚಿತ್ರ ಬರೆದವನ ಕಾದಂಬರಿ ಇದು. ಬಿಜಾಪುರ, ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರ ಸಂಪುಟಗಳಿಗೆ 1866ರಲ್ಲಿ ಅವನು ವಿವರಣೆ ಬರೆದದ್ದೂ ಇದೇ ಪರಿಚಯದ ಬಲದಿಂದ. ಈ ಕಾದಂಬರಿಯಲ್ಲಿ ಆಂಗ್ಲರ ಸುಳಿವೇ ಇಲ್ಲದಿರುವುದು ಅದಕ್ಕೊಂದು ಬಿಡುಗಡೆಯನ್ನು ತಂದಿದೆ. ರಾಲ್ಫ್ ಡಾರ್ನೆಲ್ ಬಗ್ಗೆ ಹೆಚ್ಚೇನೂ ಹೇಳಬೇಕಾದುದಿಲ್ಲ.

ಸೀತಾ ಕಾದಂಬರಿಯ ಮಾತು ಬೇರೆ. ಅಕ್ಕಸಾಲಿಗರ ಮನೆತನದ ತರುಣ ವಿಧವೆ ಸೀತೆಯನ್ನು ಬ್ರ್ಯಾಂಡನ್ ಎಂಬ ಆಂಗ್ಲ ಅಧಿಕಾರಿ ಮದುವೆಯಾಗುತ್ತಾನೆ. 1872ರ ಇಂಗ್ಲೆಂಡಿನಲ್ಲಿ, ಕಾನ್‌ಪುರದ ನೆನಪು ಇನ್ನೂ ಹಸಿಯಾಗಿದ್ದಾಗ, ಇದನ್ನು ಗೌರವದಿಂದ ಬರೆಯಲು ಧೈರ್ಯ ಬೇಕಿತ್ತು. ಆ ಧೈರ್ಯ ಕೊನೆಯವರೆಗೆ ಬಾಳಲಿಲ್ಲ: ಗಂಡನ ಮೇಲೆ ಬಂದ ಈಟಿಗೆ ಸೀತೆ ತಾನೇ ಎದೆಯೊಡ್ಡಿ ಸಾಯುತ್ತಾಳೆ, ಬ್ರ್ಯಾಂಡನ್ ಆಂಗ್ಲ ಕನ್ಯೆಯನ್ನು ವರಿಸುತ್ತಾನೆ. ಬೇಗಮಳ ಮೊಮ್ಮಗಳನ್ನು ವರಿಸಿ ಬಾಳಿದವನು ತನ್ನ ಕಥೆಯಲ್ಲಿ ಅಂತಹ ದಂಪತಿಗಳಿಗೆ ಬಾಳು ಕೊಡಲಾರದೆಹೋದ.

ನನ್ನನ್ನು ಇನ್ನೂ ಹೆಚ್ಚಾಗಿ ಕಾಡುವುದು ಬೇರೊಂದು. 1857ರ ದಂಗೆಯನ್ನು ಕುರಿತು ಕಾದಂಬರಿ ಬರೆಯಲು ಹೊರಟವನ ಕೈಯಲ್ಲಿ ಸುರಪುರದ ಕಥೆಯಿತ್ತು. ಆ ದಂಗೆಯ ಯಾವ ಕಾದಂಬರಿಕಾರನಿಗೂ ಇಷ್ಟು ಹತ್ತಿರದ ದುರಂತದ ಅನುಭವವಿರಲಿಲ್ಲ. ಅವನು ಅದನ್ನು ಮುಟ್ಟಲಿಲ್ಲ. ಸೀತೆಯ ಕಥೆಯನ್ನು ಉತ್ತರದ ಕಲ್ಪಿತ ಜಿಲ್ಲೆಯೊಂದರಲ್ಲಿ ನಡೆಸಿ, ಬಂಡಾಯಗಾರರ ಕಡೆ ಒಬ್ಬ ನೀಚ ಖಳನನ್ನು ನಿಲ್ಲಿಸಿದ. ವೆಂಕಟಪ್ಪನಾಯಕನನ್ನು ಖಳನನ್ನಾಗಿ ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ನಾಯಕನನ್ನಾಗಿ ಮಾಡಲು ಅವನ ನಿಷ್ಠೆ ಒಪ್ಪಲಿಲ್ಲ. ಇದು ನನ್ನ ಊಹೆ. ಆ ಕಥೆಯನ್ನು ಅವನು ಕೂಡಿಟ್ಟದ್ದು ಆತ್ಮಕಥೆಗಾಗಿ.

1869ರಲ್ಲಿ ಸರಕಾರ ಅವನಿಗೆ ಸಿ.ಎಸ್.ಐ. ಬಿರುದನ್ನಿತ್ತಿತು. ಮರುವರ್ಷ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವೊಂದನ್ನು ಪ್ರಕಟಿಸಿದ. 1875ರಲ್ಲಿ ಸಾಲಾರ್ ಜಂಗನ ಆಹ್ವಾನದ ಮೇರೆಗೆ ಕೊನೆಯ ಸಲ ಹೈದರಾಬಾದಿಗೆ ಬಂದ. ಕಣ್ಣು ಮಂಜಾಗುತ್ತ ಬಂದಿತ್ತು. ಇಲ್ಲಿ ಜ್ವರಕ್ಕೆ ಸಿಕ್ಕಿ ದೃಷ್ಟಿ ಬಹುಪಾಲು ಹೋಯಿತು. ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ದಕ್ಷಿಣ ತೀರದ ಮೆಂಟನ್‌ನಲ್ಲಿ ತೀರಿಕೊಂಡ. ಮರುವರ್ಷ ಮಗಳು ಆಲಿಸ್ ಅವನ ಆತ್ಮಕಥೆಯನ್ನು ಸಂಪಾದಿಸಿ, ಹೆನ್ರಿ ರೀವ್‌ನ ಮುನ್ನುಡಿಯೊಂದಿಗೆ ಪ್ರಕಟಿಸಿದಳು.

1878ರಲ್ಲಿ ಹೊರಬಂದ ಎ ನೋಬಲ್ ಕ್ವೀನ್ ಅವನ ಕೊನೆಯ ಕಾದಂಬರಿ. ಹೆಸರಿಗೆ ಅದು ಅಹಮದನಗರದ ಚಾಂದಬೀಬಿಯ ಕಥೆ. ಆದರೆ ಡಬ್ಲಿನ್ನಿನ ಮಳೆಯಲ್ಲಿ ಕುಳಿತು ಅವನು ಕಥೆಯ ಮೊದಲ ಭಾಗವನ್ನು ನಡೆಸಿರುವುದು ಅಹಮದನಗರದಲ್ಲಲ್ಲ. ಸುರಪುರದ ದಕ್ಷಿಣಕ್ಕೆ, ಛಾಯಾ ಭಗವತಿಯ ಬಳಿ ಕೃಷ್ಣೆ ಬಂಡೆಗಳ ನಡುವೆ ಧುಮುಕುವ ಎಡೆಯಲ್ಲಿ, ಜಲದುರ್ಗದ ಕೋಟೆಯಲ್ಲಿ, ಬೇಡರ ಹಳ್ಳಿಗಳಲ್ಲಿ.